ನೆರೆ ಬಂದ ದಿನದ ಹಾಳೆ

ಗಾಜಿನ ಪೆಟ್ಟಿಗೆಗೆ ಹಾಕಿದ ಬೀಗ ಹಾಕಿದಂತೆಯೇ ಇತ್ತು. ಒಳಗಿದ್ದ ದಿನಚರಿಯಲ್ಲಿ ಒಂದು ಹಾಳೆ ಮಾತ್ರ ಇರಲಿಲ್ಲ. ಯಾರೋ ಬ್ಲೇಡಿನಲ್ಲಿ ಕೊಯ್ದಿದ್ದರು.

ನದಿದಂಡೆಯ ಆ ಊರಿಗೆ ಜನ ಬರುವುದೇ ಬಿಸಿನೀರಿನ ಬುಗ್ಗೆಗಾಗಿ. ಬುಗ್ಗೆಯ ಸುತ್ತ ಕಲ್ಲಿನ ಹಳೇ ಸ್ನಾನಗೃಹ. ಅದರ ಮುಂಭಾಗ ಈಗ ಮ್ಯೂಸಿಯಂ.

"ಯಾವ ಹಾಳೆ?" ಇನ್‌ಸ್ಪೆಕ್ಟರ್ ಕೇಳಿದಳು.

"ದೊಡ್ಡ ನೆರೆ ಬಂತಲ್ಲ, ಆ ದಿನದ್ದು," ಮೇಲ್ವಿಚಾರಕರು ಹೇಳಿದರು. "ಕೈಬರಹ ತೀರಾ ಗೋಜಲು. ಓದೋಕೆ ನಾಳೆ ಸಂಶೋಧಕರು ಬರೋರಿದ್ರು."

ಆ ದಿನದ ಕಥೆ ಊರಿಗೆಲ್ಲ ಬಾಯಿಪಾಠ. ಸ್ನಾನಗೃಹದ ಮ್ಯಾನೇಜರ್ ಬಾಗಿಲು ತೆರೆದು ಬಂದವರನ್ನೆಲ್ಲ ಉಳಿಸಿದ. ಬಟ್ಟೆ ಒಗೆಯುವ ಹನ್ನೊಂದು ಹೆಂಗಸರು ಮಾತ್ರ ಬಾಗಿಲು ಮುಟ್ಟುವ ಮೊದಲೇ ನೀರುಪಾಲಾದರು. ಈ ದಿನಚರಿ ಬರೆದ ಆ ಮ್ಯಾನೇಜರ್ ಇನ್‌ಸ್ಪೆಕ್ಟರಳ ತಾತ. ಮೂವತ್ತು ವರ್ಷದಿಂದ ಆ ಕಥೆ ಹೇಳುತ್ತಿರುವ ಗೈಡು ಅವಳ ಅಪ್ಪ.

ಬೀಗದಕೈ ಸಿಬ್ಬಂದಿ ಕೋಣೆಯ ಮೊಳೆಯಲ್ಲಿತ್ತು. ಗಾಜು ಒರೆಸಲು ದಿನಾ ಅದನ್ನು ತೆಗೆಯುವವಳು ಕಸ ಗುಡಿಸುವ ಅಕ್ಕ. ಅವಳ ಬಕೆಟ್ಟಿನಲ್ಲಿ ಬ್ಲೇಡು ಸಿಕ್ಕಿತು.

"ನೆಲಕ್ಕಂಟಿದ್ದು ಕೆರೆಯೋಕೆ ಮೇಡಂ."

ಇನ್‌ಸ್ಪೆಕ್ಟರ್ ನಂಬಲಿಲ್ಲ. ಪ್ರವಾಸಿಗರ ಎದುರೇ ಅವಳ ಚೀಲವನ್ನು ನೆಲಕ್ಕೆ ಸುರಿಸಿದಳು. ಬಾಚಣಿಗೆ, ಊಟದ ಡಬ್ಬಿ, ಒಳಬಟ್ಟೆ. ಹಾಳೆ ಇರಲಿಲ್ಲ. ಕಂಬದ ಪಕ್ಕ ನಿಂತಿದ್ದ ಅಪ್ಪ ತುಟಿ ಪಿಟಕ್ಕೆನ್ನಲಿಲ್ಲ.

*

ಮಧ್ಯಾಹ್ನ ಮನೆಯಲ್ಲಿ ಊಟಕ್ಕೆ ಕೂತಾಗ ಅಪ್ಪನ ಬೆಳ್ಳಿ ಉಂಗುರ ಕಣ್ಣಿಗೆ ಬಿತ್ತು. ಕಪ್ಪಿಟ್ಟಿತ್ತು.

"ಬುಗ್ಗೆಗೆ ಕೈ ಹಾಕಿದ್ರಾ?"

"ಇಲ್ಲಮ್ಮ. ಡಾಕ್ಟರು ಬೇಡ ಅಂದಿಲ್ವಾ?"

"ನಿನ್ನೆ ಫಳಫಳ ಹೊಳೀತಿತ್ತು. ಗಂಧಕದ ನೀರು, ಬೆಳ್ಳಿ ಬಿಚ್ಚಿಡಿ ಅಂತ ಪ್ರವಾಸಿಗರಿಗೆ ಹೇಳೋರೇ ನೀವು. ಬೀಗದಕೈ ಎಲ್ಲಿರುತ್ತೆ ಅಂತ ನಿಮಗೆ ಗೊತ್ತು. ತಾತನ ಅಕ್ಷರ ಓದೋಕೆ ಬರೋದೂ ನಿಮಗೊಬ್ಬರಿಗೇ. ಹಾಳೆ ಎಲ್ಲಿ ಅಪ್ಪ?"

ಅಪ್ಪ ತುತ್ತನ್ನು ತಟ್ಟೆಗೆ ಇಳಿಸಿದರು.

"ಸ್ನಾನಗೃಹದಲ್ಲಿ, ಹೆಂಗಸರ ಬಿಸಿನೀರಿನ ಕೊಳದಲ್ಲಿ. ಕಲ್ಲಿನ ಕೆಳಗೆ, ಪ್ಲಾಸ್ಟಿಕ್‌ನಲ್ಲಿ ಸುತ್ತಿಟ್ಟಿದೀನಿ."

"ಸುಡಬಹುದಿತ್ತು."

"ನಮ್ಮಪ್ಪನ ಅಕ್ಷರ ಕಣಮ್ಮ. ಕೈ ಬರ್ಲಿಲ್ಲ."

ಅವಳು ಹಾಳೆ ತಂದಾಗ ಅಪ್ಪನೇ ಓದಿದರು. "ಹನ್ನೊಂದು ಹೆಂಗಸರು ಬಾಗಿಲು ಬಡಿದರು. ಅತಿಥಿಗಳಿಗೆ ಇರುಸುಮುರುಸಾದೀತೆಂದು ತೆರೆಯಲಿಲ್ಲ. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು."

"ನಿಮಗೆ ಯಾವಾಗ ಗೊತ್ತಾಯ್ತು?"

"ಕೆಲಸಕ್ಕೆ ಸೇರಿದ ವರ್ಷವೇ."

"ಬೆಳಿಗ್ಗೆ ಆ ಅಕ್ಕನ ಚೀಲ ಸುರಿಸುವಾಗ ಯಾಕೆ ಸುಮ್ಮನಿದ್ರಿ?"

ಅಪ್ಪ ತಲೆ ಎತ್ತಲಿಲ್ಲ. "ನೀನೇ ನಿಲ್ಲಿಸ್ತೀಯ ಅಂದ್ಕೊಂಡೆ."

*

ಇನ್‌ಸ್ಪೆಕ್ಟರ್ ಕೇಸಿನ ಕಾಗದದಲ್ಲಿ ಆರೋಪಿಯ ಜಾಗಕ್ಕೆ ಅಪ್ಪನ ಹೆಸರು ಬರೆದಳು. ಆಮೇಲೆ ಕ್ಷಮೆ ಕೇಳಲು ಕಸ ಗುಡಿಸುವ ಅಕ್ಕನ ಮನೆ ಹುಡುಕಿಕೊಂಡು ಹೋದಳು.

"ಇಲ್ಲಿ ಬೇಡ ಮೇಡಂ," ಅಕ್ಕ ಬಾಗಿಲಲ್ಲೇ ತಡೆದಳು. "ಚೀಲ ಸುರಿಸಿದ್ರಲ್ಲ, ಅಲ್ಲೇ ಹೇಳಿ. ಅಷ್ಟೇ ಜನರ ಮುಂದೆ."

ಮರುದಿನ ಹತ್ತು ಗಂಟೆಗೆ ಮ್ಯೂಸಿಯಂ ತುಂಬಿತ್ತು. ಇನ್‌ಸ್ಪೆಕ್ಟರ್ ಟೋಪಿ ತೆಗೆದಳು. ಹಾಳೆ ಕದ್ದವರು ತನ್ನ ಅಪ್ಪ ಎಂದಳು. ಬಾಗಿಲು ತೆರೆಯದವನು ತನ್ನ ತಾತ ಎಂದಳು. ತಪ್ಪಿಲ್ಲದವಳ ಮಾನ ಕಳೆದದ್ದು ತಾನು ಎನ್ನುವಾಗ ದನಿ ಹಿಂದಿನವರಿಗೆ ಮುಟ್ಟಲಿಲ್ಲ. ಎರಡು ಸಲ ಹೇಳಬೇಕಾಯಿತು.

ಅಕ್ಕ ಪೂರ್ತಿ ಕೇಳಿಸಿಕೊಂಡಳು. ಕ್ಷಮಿಸಿದೆ ಎನ್ನಲಿಲ್ಲ.

"ಸ್ವಲ್ಪ ಆಚೆ ನಿಂತ್ಕೊಳ್ಳಿ," ಎಂದಳು. "ಇಲ್ಲಿ ಒರೆಸಬೇಕು."