ಅಲೆಯಪುರದ ಹೊಗಳಿಕೆ ಓಲೆ

ಬಹಳ ಬಹಳ ಹಿಂದೆ, ನೀರಿಗಿಂತ ಮರಳೇ ಹೆಚ್ಚಿದ್ದ ಕಲ್ಲುಮರಡಿ ಎಂಬ ರಾಜ್ಯದಲ್ಲಿ ಹೊಂಬಾಳೆ ಎಂಬ ಹುಡುಗಿಯೂ ಅವಳ ತಮ್ಮ ಬೊಮ್ಮಯ್ಯನೂ ಇದ್ದರು. ಆ ರಾಜ್ಯದ ಮಕ್ಕಳು ಎಲೆಯ ದೋಣಿ ಮಾಡಿ, ದಾರ ಕಟ್ಟಿ, ಮರಳಿನ ಮೇಲೆ ಎಳೆದಾಡುತ್ತಿದ್ದರು. ಪಾಪ, ಬೇರೆ ದಾರಿ ಇರಲಿಲ್ಲ. ಇವರ ಅಣ್ಣ ಮಲ್ಲರಸ ನೀರಿನ ಊರು ನೋಡಿ ಬರುತ್ತೇನೆಂದು ಏಳು ಕಡಲಾಚೆಯ ಅಲೆಯಪುರಕ್ಕೆ ಹೋದವನು ವರ್ಷವಾದರೂ ಮರಳಲಿಲ್ಲ. ಅಕ್ಕ ತಮ್ಮ ಅಮ್ಮನಿಗೆ ಹೇಳಿ, ಬುತ್ತಿ ಕಟ್ಟಿಕೊಂಡು ಅವನನ್ನು ಹುಡುಕಲು ಹೊರಟೇಬಿಟ್ಟರು.

ಅಲೆಯಪುರದಲ್ಲಿ ಬೀದಿ ಇರಬೇಕಾದ ಕಡೆಯೆಲ್ಲ ಕಾಲುವೆ. ಸೊಪ್ಪು ಮಾರುವವಳೂ ದೋಣಿಯಲ್ಲಿ, ಮದುವೆ ದಿಬ್ಬಣವೂ ದೋಣಿಯಲ್ಲಿ. ಬೊಮ್ಮಯ್ಯ ತೆರೆದ ಬಾಯಿ ಮುಚ್ಚಲಿಲ್ಲ.

ಊರ ಬಾಗಿಲಲ್ಲಿ ಕಾವಲುಗಾರ ಬಂದವರಿಗೆಲ್ಲ ಒಂದೊಂದು ಓಲೆ ಹಂಚುತ್ತಿದ್ದ. "ಊರು ಹೇಗಿದೆ ಅಂತ ಇದರಲ್ಲೇ ಬರೆದಿದೆ. ಬಾಯಿಪಾಠ ಮಾಡ್ಕೊಳ್ಳಿ, ಸೇತುವೆ ಮೇಲೆ ಕೇಳ್ತಾರೆ."

ಯಾತ್ರಿಕರೆಲ್ಲ ತಲೆ ತಗ್ಗಿಸಿ 'ಅದ್ಭುತ, ಅನುಪಮ, ಅವರ್ಣನೀಯ' ಎಂದು ಉರುಹೊಡೆಯುತ್ತ ನಡೆದರು. ಕಣ್ಣೆದುರಿನ ಊರನ್ನು ಒಬ್ಬರೂ ನೋಡಲಿಲ್ಲ. ನಮ್ಮ ಮಕ್ಕಳು ಮಾತ್ರ ಓಲೆ ಸಿಕ್ಕಿದ್ದೇ ತಡ, ಮಡಚಿ ದೋಣಿ ಮಾಡಿ ಕಾಲುವೆಗೆ ಬಿಟ್ಟರು. ಹುಟ್ಟಿದ ಮೇಲೆ ಮೊದಲ ಸಲ ಅವರ ದೋಣಿ ತಾನಾಗಿ ತೇಲಿತು. ಕೇಕೆ ಹಾಕುತ್ತ ಅದರ ಹಿಂದೆ ಓಡಿದರು. ಓದುವುದು ಯಾರಿಗೆ ಬೇಕಿತ್ತು?

ಮೊದಲ ಸೇತುವೆಯ ಮೇಲೆ ರೆಕ್ಕೆಯ ಕಲ್ಲುಸಿಂಹ ಕೂತಿತ್ತು. "ನಮ್ಮೂರಲ್ಲಿ ಏನು ಕಂಡಿರಿ?" ಎಂದು ಕೇಳಿತು. ಮುಂದಿದ್ದ ವರ್ತಕ "ಅದ್ಭುತ, ಅನುಪಮ" ಎನ್ನುತ್ತಿದ್ದಂತೆಯೇ ಪಾರಿವಾಳವಾಗಿ ಪುರ್ರೆಂದು ಹಾರಿಹೋದ.

"ನೋಡದೆ ಹೊಗಳಿದವರಿಗೆಲ್ಲ ಇದೇ ಗತಿ," ಎಂದಿತು ಸಿಂಹ. "ಮಾಯಾವಿ ವಕ್ರದತ್ತನ ಮಾಟ ಇದು. ಹಗಲೆಲ್ಲ ಈ ಊರನ್ನ ಹೊಗಳೋಕೆ ಅವನಿಗೆ ಪಾರಿವಾಳ ಬೇಕು. ಮಾಟಕ್ಕೆ ದೊಡ್ಡವರು ಚಿಕ್ಕವರು ಅಂತಿಲ್ಲ."

ಹೊಂಬಾಳೆ ತಮ್ಮನ ಕೈ ಹಿಡಿದುಕೊಂಡಳು. ಅಣ್ಣನಿಗೂ ಹೀಗೇ ಆಗಿದೆ ಎಂದು ತಿಳಿಯಿತು. ಆದರೂ ಕಂಡದ್ದನ್ನೇ ಹೇಳಿದಳು. "ಎರಡು ಮನೆ ನಡುವೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ್ದಾರೆ. ಒಂದು ಕೆಂಪಂಗಿಯ ನೀರು ದೋಣಿಯವನ ಬೋಳುತಲೆ ಮೇಲೆ ತೊಟತೊಟ ಬೀಳ್ತಿತ್ತು."

ಸಿಂಹ ನಕ್ಕು ದಾರಿ ಬಿಟ್ಟಿತು.

ಎರಡನೆಯ ಸೇತುವೆಯ ಮೇಲೆ ಗಾಜಿನ ಕುದುರೆ. ಅದೂ ಅದನ್ನೇ ಕೇಳಿತು. "ಪಾಚಿ ಕಂಡೆ," ಎಂದ ಬೊಮ್ಮಯ್ಯ. "ಮೆಟ್ಟಿಲ ಮೇಲೆ ಜಾರಿ ಬಿದ್ದಾದ ಮೇಲೆ ಕಂಡೆ. ಒಬ್ಬ ಅಜ್ಜಿ ಕಿಟಕಿಯಿಂದ ಬುಟ್ಟಿ ಇಳಿಬಿಟ್ಟು ರೊಟ್ಟಿ ಕೊಟ್ಟರು." ಕುದುರೆ ಕಿಣಿಕಿಣಿ ಕುಣಿದು ದಾರಿ ಬಿಟ್ಟಿತು.

ಮೂರನೆಯ ಸೇತುವೆಯ ತುದಿಯಲ್ಲಿ ಕಿಟಕಿಯೇ ಇಲ್ಲದ ಗೋಪುರ. ಅದರೊಳಗೆ ವಕ್ರದತ್ತ, ಅವನ ಸುತ್ತ ಸಾವಿರ ಪಾರಿವಾಳ. "ಏನು ಕಂಡಿರಿ?" ಎಂದು ಗುಡುಗಿದ.

"ನೀರು ಕಂಡೆವು," ಎಂದಳು ಹೊಂಬಾಳೆ. "ನಮ್ಮ ದೋಣಿ ತೇಲಿತು. ಅಣ್ಣನೂ ಜೊತೇಲಿದ್ದಿದ್ದರೆ ಎಷ್ಟು ಚೆನ್ನಾಗಿರ್ತಿತ್ತು ಅನ್ನಿಸ್ತು." ಹೇಳುತ್ತ ಅವಳಿಗೆ ಅಳು ಬಂತು. ಒಂದು ಬೂದು ಪಾರಿವಾಳ ಹೊಗಳುವುದನ್ನು ನಿಲ್ಲಿಸಿ ಅವಳ ಹೆಗಲ ಮೇಲೆ ಬಂದು ಕೂತಿತು.

ವಕ್ರದತ್ತ ಕೆಂಡವಾದ. "ನಾನು ಬರೆದ ಓಲೆಯಲ್ಲಿ ಇದ್ಯಾವುದೂ ಇಲ್ಲ!"

"ಹಾಗಾದರೆ ನೀವೇ ಹೇಳಿ ಸ್ವಾಮಿ," ಎಂದ ಬೊಮ್ಮಯ್ಯ. "ಈ ಊರಲ್ಲಿ ನೀವು ಏನು ಕಂಡಿರಿ?"

ನೂರು ವರ್ಷದಿಂದ ಗೋಪುರ ಇಳಿಯದ ಮಾಯಾವಿ ಏನು ಕಂಡಿದ್ದಾನು? ತಡಕಾಡಿದ, ತೊದಲಿದ. ಕೊನೆಗೆ ಬಾಯಿಗೆ ಬಂದದ್ದು ಅದೇ ಪಾಠ. "ಅದ್ಭುತ, ಅನು..." ಅಷ್ಟರಲ್ಲಿ ಅವನೂ ಗಡ್ಡದ ಪಾರಿವಾಳವಾಗಿ ಹಾರಿದ.

ಮಾಟಗಾರನೇ ತನ್ನ ಮಾಟಕ್ಕೆ ಸಿಕ್ಕಿದ್ದೇ ತಡ, ಅವನೊಬ್ಬನನ್ನು ಬಿಟ್ಟು ಉಳಿದವರ ಮೇಲಿನ ಮಾಟ ಮುರಿಯಿತು. ಸಾವಿರ ಪಾರಿವಾಳ ಸಾವಿರ ಜನರಾದರು. ಹೆಗಲ ಮೇಲಿದ್ದದ್ದು ಮಲ್ಲರಸನಾಯಿತು, ಭಾರಕ್ಕೆ ಮೂವರೂ ಒಟ್ಟಿಗೆ ಬಿದ್ದರು, ಬಿದ್ದಲ್ಲೇ ತಬ್ಬಿಕೊಂಡು ನಕ್ಕರು.

"ನಡಿ ಅಣ್ಣ, ಅಮ್ಮ ಕಾಯ್ತಿರ್ತಾರೆ," ಎಂದಳು ಹೊಂಬಾಳೆ.

ಮಲ್ಲರಸ ತಲೆ ಕೆರೆದುಕೊಂಡ. "ಬರ್ತೀನಮ್ಮ. ಆದರೆ ಒಂದು ದಿನ ಇರೋಣ್ವಾ? ವರ್ಷ ಇದ್ದರೂ ನಾನಿನ್ನೂ ಊರು ನೋಡಿಲ್ಲ."

ಮರುದಿನ ಮೂವರೂ ಊರೆಲ್ಲ ಸುತ್ತಿ, ಪಾಚಿಯ ಮೇಲೆ ಒಬ್ಬೊಬ್ಬರಾಗಿ ಜಾರಿ ಬಿದ್ದು, ಮನೆಗೆ ಮರಳಿ ಅಮ್ಮನ ಜೊತೆ ನೂರು ಕಾಲ ಸುಖವಾಗಿ ಬಾಳಿದರು. ಬಟ್ಟೆ ಒಣಹಾಕಿದ ಆ ಹಗ್ಗದ ಮೇಲೆ ಗಡ್ಡದ ಪಾರಿವಾಳವೊಂದು ಈಗಲೂ ಕೂರುತ್ತದಂತೆ. ಕೂಗುವುದಿಲ್ಲ, ಸುಮ್ಮನೆ ಊರು ನೋಡುತ್ತದೆ.