ಸಾರಾಯಿ ವಾಸನೆಯ ಅಂಗಿ

ಬೇವಿನಹಳ್ಳಿಯ ಸಾರ್ವಜನಿಕ ಜೀವನದಲ್ಲಿ ಅಷ್ಟು ಗಹನವಾದ ಪ್ರಶ್ನೆ ಹಿಂದೆಂದೂ ಎದ್ದಿರಲಿಲ್ಲ. ಸಭೆಯಲ್ಲಿ ಟೀ ಜೊತೆ ಕೊಡಬೇಕಾದದ್ದು ಬನ್ನೋ, ಬೋಂಡವೋ?

೧೯೯೧ರ ಆ ಸಂಜೆ ಹಾಲಿನ ಡೈರಿಯ ಜಗಲಿಯ ಮೇಲೆ ಎರಡು ಪಕ್ಷಗಳಾಗಿದ್ದವು. ಅಧ್ಯಕ್ಷ ಅಶ್ವತ್ಥಪ್ಪನವರು ಬೋಂಡದ ಪರ. ಮಹಿಳಾ ಸಂಘದ ಮುನಿಶಾಮಮ್ಮ ಬನ್ನಿನ ಪರ.

"ಬೋಂಡ ತಿಂದ ಉಡುಗ್ರು ನೆಟ್ಟಗೆ ಸಾರಾಯಿ ಅಂಗ್ಡೀಗೆ ಓಗ್ತಾರೆ. ಅದು ನಂಚ್ಕೊಳೋ ಪದಾರ್ಥ," ಎಂದಳು ಮುನಿಶಾಮಮ್ಮ.

"ಬನ್ನು ತಿಂದೋರು ಮಠಕ್ಕೆ ಓಗ್ತಾರೇನಮ್ಮ?" ಎಂದರು ಅಶ್ವತ್ಥಪ್ಪನವರು.

ನಗು ಬಂದರೂ ಯಾರೂ ಹೆಚ್ಚು ಹೊತ್ತು ನಗಲಿಲ್ಲ. ಹಿಂದಿನ ವರ್ಷ ಊರಿನ ಹುಡುಗನೊಬ್ಬ ಪ್ಯಾಕೆಟ್ ಸಾರಾಯಿ ಕುಡಿದು, ಓಡುವ ರೈಲಿನ ಬಾಗಿಲಿನಿಂದ ಬಿದ್ದು ಸತ್ತಿದ್ದ. ಊರಿನ ಹುಡುಗರನ್ನು ಕುಡಿತದಿಂದ ಉಳಿಸಲು ಡೈರಿ, ಮಹಿಳಾ ಸಂಘ, ವಾಲಿಬಾಲ್ ತಂಡ ಎಲ್ಲ ಸೇರಿ ಕಮಿಟಿ ಮಾಡಿಕೊಂಡದ್ದು ಆ ಸಾವಿನ ನಂತರ.

ಡೈರಿಯ ಪರವಾಗಿ ಸೇರಿದವಳು ಗಂಗರತ್ನ. ದಿನಾ ಬೆಳಿಗ್ಗೆ ಹಾಲು ಪರೀಕ್ಷೆ ಮಾಡಿ ತೆಗೆದುಕೊಳ್ಳುವುದು ಅವಳ ಕೆಲಸ. ಕ್ಯಾನಿನ ಮುಚ್ಚಳ ತೆಗೆದು ಒಮ್ಮೆ ಮೂಸಿದರೆ ಸಾಕು, ಹಾಲು ಹುಳಿಯೋ ಸಿಹಿಯೋ ಹೇಳುತ್ತಿದ್ದಳು. ಆದರೆ ಅವಳು ಕಮಿಟಿಗೆ ಸೇರಿದ್ದು ಡೈರಿಗಾಗಿ ಅಲ್ಲ. ಬೆಂಗಳೂರಿನ ಗ್ಯಾರೇಜಿಗೆ ರೈಲಿನಲ್ಲಿ ಹೋಗಿಬರುತ್ತಿದ್ದ ತಮ್ಮ ಆಂಜಿಯ ಅಂಗಿಯಲ್ಲೂ ಒಂದೊಂದು ಸಂಜೆ ಸಾರಾಯಿ ವಾಸನೆ ಬರತೊಡಗಿತ್ತು.

ಇನ್ನೊಂದು ಸಾವು... ಅವಳಿಗೆ ಅದರಾಚೆ ಯೋಚಿಸಲು ಆಗುತ್ತಿರಲಿಲ್ಲ.

ಅಷ್ಟರಲ್ಲಿ ಹೊಸಬನೊಬ್ಬ ಜಗಲಿ ಹತ್ತಿದ.

"ಇವ್ರು ಆದಿನಾರಾಯಣ. ಡೈರೀಗೆ ಆಲು ಆಕೋ ಪಕ್ಕದೂರ ಕದಿರಮ್ಮನ ಮಗ. ಬೆಂಗ್ಳೂರಲ್ಲಿ ಫಿಟ್ಟರ್ರು. ರೈಲಲ್ಲಿ ಓಡಾಡೋರ ಪರವಾಗಿ ಕಮಿಟಿಗೆ ಸೇರ್ತಾರೆ," ಎಂದರು ಅಶ್ವತ್ಥಪ್ಪನವರು.

ಖಾಲಿ ಇದ್ದದ್ದು ಗಂಗರತ್ನಳ ಪಕ್ಕದ ಜಾಗವೊಂದೇ. ಅವನು ಕೂತ. ಅವಳು ತಲೆ ಎತ್ತಿದಳು. ಶಾಂತವಾದ ಕಣ್ಣುಗಳು. ಏನೋ ಹೇಳಬೇಕೆಂದುಕೊಂಡೇ ಬಂದವನ ಹಾಗೆ ಅವಳನ್ನೇ ನೋಡಿದ. ಅವಳು ಸೆರಗು ಸರಿಮಾಡಿಕೊಂಡಳು...

ಮರುಕ್ಷಣವೇ ಮೂಗು ಎಚ್ಚೆತ್ತಿತು.

"ಕುಡ್ದು ಬಂದೋರ್ಗೆ ಇಲ್ಲಿ ಜಾಗ ಇಲ್ಲ," ಎಂದಳು, ಎಲ್ಲರಿಗೂ ಕೇಳುವಂತೆ.

ಅಶ್ವತ್ಥಪ್ಪನವರು ಕನ್ನಡಕ ತೆಗೆದರು. "ಏನಪ್ಪ, ನಿಜವಾ?"

ಆದಿನಾರಾಯಣ ತನ್ನ ಅಂಗಿ ನೋಡಿಕೊಂಡ.

"ವಾಸ್ನೆ ಬರ್ತೈತೆ. ಸುಳ್ಳಲ್ಲ," ಎಂದಷ್ಟೇ ಹೇಳಿ ಎದ್ದ. ತಿಂಡಿಯ ತೀರ್ಮಾನ ಇನ್ನೂ ಆಗದಿದ್ದರಿಂದ ಬರಿಗೈಲೇ ಹೋದ.

ಗೆದ್ದೆ ಎಂದುಕೊಳ್ಳಲು ಗಂಗರತ್ನ ಬಹಳ ಪ್ರಯತ್ನಪಟ್ಟಳು. 'ಅವನ ನಾಲಿಗೆ ತೊದಲಲಿಲ್ಲವಲ್ಲ... ಕಾಲು ತಡವರಿಸಲಿಲ್ಲವಲ್ಲ...' ಮನಸ್ಸು ಅದನ್ನೇ ಹೇಳುತ್ತಿತ್ತು. ಅವಳು ಅದರ ಬಾಯಿ ಮುಚ್ಚಿಸಿದಳು.

ಆಮೇಲೆ ಒಂದು ವಿಚಿತ್ರ ಶುರುವಾಯಿತು. ಆಂಜಿ ನೆಟ್ಟಗೆ ಮನೆಗೆ ಬರತೊಡಗಿದ. ಅವನು ಹೊಸಿಲು ದಾಟುವಾಗ ಅವಳು ದಿನವೂ ಅಂಗಿ ಮೂಸುತ್ತಿದ್ದಳು. ಗ್ಯಾರೇಜಿನ ಗ್ರೀಸು, ಬೆವರು, ಅಷ್ಟೆ.

"ನೋಡ್ದೇನ್ಲಾ, ನಮ್ ಕಮಿಟಿ ಎಂಗೆ ಕೆಲ್ಸ ಮಾಡ್ತೈತೆ," ಎಂದಳು ಒಂದು ದಿನ ಮುದ್ದೆ ಬಡಿಸುತ್ತ.

ಆಂಜಿಯ ಕೈ ತಟ್ಟೆಯ ಮೇಲೆ ನಿಂತಿತು.

"ಕಮಿಟಿ ಅಲ್ಲಕ್ಕಾ. ಆದಣ್ಣ."

"ಆ ಕುಡುಕನಾ?"

"ಅವ್ನು ಕುಡ್ದಿರ್ಲಿಲ್ಲ. ಕುಡಿಯಾಕೆ ಓಗಿದ್ದೋನು ನಾನು. ರೈಲಿನ ಬಾಗ್ಲಲ್ಲಿ ನಿಂತ್ಕೊಂಡು ಪ್ಯಾಕೆಟ್ ಕಚ್ತಾ ಇದ್ದೆ. ಅವ್ನು ನನ್ ಕಾಲರ್ ಇಡ್ದು ಒಳಗೆ ಎಳ್ದ. ಎಳೆದಾಟದಲ್ಲಿ ಪ್ಯಾಕೆಟ್ ಒಡ್ದು ಪೂರಾ ಅವ್ನ ಅಂಗಿ ಮೇಲೆ ಚೆಲ್ತು." ಆಂಜಿ ತಟ್ಟೆಯನ್ನೇ ನೋಡುತ್ತಿದ್ದ. "ಅಕ್ಕಂಗೆ ಯೇಳ್ಬೇಡ ಅಂತ ಕಾಲು ಇಡ್ಕೊಂಡೆ. ಯೇಳಲ್ಲ ಅಂದ. ಅಲ್ಲಿಂದ ಸೀದಾ ನಿಮ್ ಮೀಟಿಂಗ್ಗೆ ಬಂದವ್ನೆ."

"ನಾನು ಎಲ್ರ ಮುಂದೆ ಅಂಗೆ ಅಂದಾಗ್ಲೂ..."

"ಯೇಳ್ಲಿಲ್ಲ ನೋಡು. ಈಗ್ಲೂ ದಿನಾ ನಮ್ ಬೋಗೀಲೇ ಕೂರ್ತಾನೆ. ಯಾರ್ನೂ ಬಾಗ್ಲತ್ರ ಬಿಡಲ್ಲ. ಪ್ಯಾಕೆಟ್ ತಂದೋರ್ಗೆ ಪುರಾಣ ಯೇಳ್ತಾನೆ. ಬಾಳ ಬೋರ್ ಮನುಷ್ಯ ಕಣಕ್ಕಾ. ಆದ್ರೂ ಬಿಡಾಕೆ ಆಗಲ್ಲ."

ಅವಳು ಗೋಡೆಗೆ ಒರಗಿ ಕೂತಳು. ಸರಿಯಾಗಿ ತೊಳೆಯದ ಕ್ಯಾನು ನಾರುತ್ತದೆ. ಒಳಗಿನ ಹಾಲು ಚೆನ್ನಾಗೇ ಇರಬಹುದು. ಡೈರಿಗೆ ಸೇರಿದ ವಾರವೇ ಕಲಿತ ಪಾಠ ಅದು. ಒಬ್ಬ ಮನುಷ್ಯನ ವಿಷಯದಲ್ಲಿ ಅದನ್ನೇ ಮರೆತಿದ್ದಳು. ನಾಚಿಕೆಯಿಂದ ಮುಖ ಸುಟ್ಟಿತು. ಆದರೂ ಆ ನಾಚಿಕೆಯ ಅಡಿಯಲ್ಲಿ ಎಷ್ಟೋ ದಿನದ ಭಾರವೊಂದು ಸದ್ದಿಲ್ಲದೆ ಇಳಿಯುತ್ತಿತ್ತು... ಆಂಜಿ ಬದುಕಿದ್ದಾನೆ. ಆದಿನಾರಾಯಣ ಕುಡುಕನಲ್ಲ.

ಮಾರನೆಯ ಸಂಜೆ ಅವಳು ಊರಿಗೆ ಹತ್ತಿರದ ಬಂಗಾರಪೇಟೆ ಸ್ಟೇಷನ್ನಿಗೆ ಬಂದಳು. ಬೆಂಗಳೂರಿನ ರೈಲು ನಿಂತಿತು. ಕೊನೆಯ ನಿಲ್ದಾಣ ಮಾರಿಕುಪ್ಪಂವರೆಗೆ ಹೋಗುವವರು ಕೂತೇ ಇದ್ದರು. ಕೊನೆಯ ಬೋಗಿಯಿಂದ ಆಂಜಿ, ಅವನ ಹಿಂದೆ ಆದಿನಾರಾಯಣ ಇಳಿದರು. ಆಂಜಿ ಅಕ್ಕನನ್ನು ನೋಡಿದ, ಆದಣ್ಣನನ್ನು ನೋಡಿದ, ಎಂದೂ ತೋರದ ವಿವೇಕ ತೋರಿ ಸೈಕಲ್ ಸ್ಟ್ಯಾಂಡಿನ ಕಡೆ ನಡೆದ.

"ಕಮಿಟೀಗೆ ವಾಪಸ್ ಬನ್ನಿ," ಎಂದಳು ಗಂಗರತ್ನ.

"ಅಧ್ಯಕ್ಷ್ರು ಕಳಿಸಿದ್ರಾ?"

"ಇಲ್ಲ. ನಾನೇ ಬಂದೆ. ತಪ್ಪು ನಂದು. ಎಲ್ರ ಮುಂದೆ ಅಂದಿದೀನಿ, ಎಲ್ರ ಮುಂದೆನೇ ಒಪ್ಕೋತೀನಿ. ನಡೆದದ್ದನ್ನೆಲ್ಲ ಯೇಳ್ತೀನಿ."

"ಬೇಡಿ. ಆಂಜಿ ಎಸ್ರು ಎತ್ಬೇಡಿ. ಈಗ ತಾನೇ ಸರಿ ಓಗ್ತಾವ್ನೆ. ಊರೆಲ್ಲ ಕುಡುಕ ಅಂತ ಕರೆದ್ರೆ, ಅಂಗೇ ಆಗೋಣ ಅಂತಾನೆ."

"ಅಂಗಾದ್ರೆ ನಿಮ್ಮನ್ನ ಕುಡುಕ ಅಂದ್ಕೊಂಡೇ ಇರ್ಲಾ ಊರು?"

"ಊರು ಅಂದ್ಕೊಳ್ಳಿ." ಅವನು ಅವಳ ಕಡೆ ತಿರುಗಿದ. "ನೀವು ಅಂದ್ಕೊಂಡಿದ್ದಕ್ಕೇ ಒಸಿ ಜಾಸ್ತಿ ನೋವಾಯ್ತು."

ಅವಳ ಕಣ್ಣು ತುಂಬಿತು. ಪಕ್ಕದಲ್ಲಿ ಹೊರೆ ಹೊತ್ತವನೊಬ್ಬ ತಮಿಳಿನಲ್ಲಿ ದಾರಿ ಬಿಡಿ ಎಂದ. ಇಬ್ಬರಿಗೂ ಕೇಳಿಸಲಿಲ್ಲ.

"ಅವತ್ತು ಏನೋ ಯೇಳಾಕೆ ಬಂದಿದ್ರಿ, ಅಲ್ವಾ?"

"ಕಮಿಟಿಗೆ ಉಡುಗ್ರಿಗೋಸ್ಕರ ಸೇರ್ದೆ ಅಂದ್ರೆ ಅರ್ಧ ಸುಳ್ಳಾಗ್ತದೆ." ಅವನು ಪ್ಲಾಟ್‌ಫಾರ್ಮ್ ನೋಡುತ್ತ ಹೇಳಿದ. "ನಮ್ಮವ್ವನ ಆಲು ನೀವು ವಾಪಸ್ ಕಳಿಸ್ದಾಗೆಲ್ಲ ಮನೇಲಿ ನಿಮ್ಮನ್ನೇ ಬಯ್ತಾಳೆ. ದಿನಾ ಊಟದ ಜೊತೆ ನಿಮ್ ಎಸ್ರೇ. ಕೇಳಿ ಕೇಳಿ, ಇಷ್ಟು ನೆಟ್ಟಗಿರೋ ಎಂಗ್ಸು ಯಾರಪ್ಪ, ನೋಡ್ಬೇಕು ಅನ್ನಿಸ್ತು."

"ನಿಮ್ಮವ್ವ ನೀರು ಬೆರ್ಸ್ತಾರೆ."

"ಗೊತ್ತು. ಬಿಂದಿಗೆ ಎತ್ಕೊಡೋನು ನಾನೇ."

ಅಳುತ್ತಿದ್ದವಳು ನಕ್ಕುಬಿಟ್ಟಳು.

"ಈಗ ನೋಡಿದ್ರಲ್ಲ?" ಎಂದಳು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ.

"ನೋಡ್ದೆ. ಸಾಕಾಗ್ಲಿಲ್ಲ."

"ನಾಳೆ ಭಾನುವಾರ. ಮನೇಗೆ ಬನ್ನಿ. ನಮ್ಮಪ್ಪ ಇರ್ತಾರೆ."

"ಏನಂತ ಬರ್ಲಿ?"

"ಅದನ್ನೂ ನಾನೇ ಯೇಳ್ಬೇಕಾ?"

"ಬೇಡಿ," ಎಂದ ಅವನು. "ಬತ್ತೀನಿ."

ಮುಂದಿನ ಸಭೆಯಲ್ಲಿ ಗಂಗರತ್ನ ಆಂಜಿಯ ಹೆಸರೆತ್ತದೆ ತನ್ನ ತಪ್ಪು ಒಪ್ಪಿಕೊಂಡಳು, ಆದಿನಾರಾಯಣ ಮತ್ತೆ ಕಮಿಟಿಗೆ ಸೇರಿದ. ಮುಂದಿನ ವೈಶಾಖದಲ್ಲಿ ಅವರಿಬ್ಬರ ಮದುವೆಯಾಯಿತು. ಆಂಜಿ ಮತ್ತೆ ಕುಡಿಯಲಿಲ್ಲ.