ಅಚ್ಚು ಕಚ್ಚಿದ ಬೆಳಗು

“ಗೊರಕೆ ಕಡಿಮೆ ಆಗಿದೆಯಾ? ಪಕ್ಕದಲ್ಲಿ ಮಲಗೋರೇ ಹೇಳ್ಬೇಕು,” ಎಂದು ಹಲ್ಲಿನ ಡಾಕ್ಟರಮ್ಮ ನನ್ನ ಮುಖ ನೋಡಿದರು.

ನಾನು ನನ್ನವರ ಮುಖ ನೋಡಿದೆ. ಅವರು ಕುರ್ಚಿಯಲ್ಲಿ ಒರಗಿಕೊಂಡು ಚಾವಣಿ ನೋಡಿದರು. ಬೇರೆ ಬೇರೆ ಕೋಣೆಯಲ್ಲಿ ಮಲಗುತ್ತೇವೆ ಎನ್ನಲು ಇಬ್ಬರಿಗೂ ನಾಲಿಗೆ ಹೊರಳಲಿಲ್ಲ.

“ಪರವಾಗಿಲ್ಲ, ಕಡಿಮೆ ಆಗಿದೆ,” ಎಂದೆ. ಗೋಡೆಯ ಈಚೆಯಿಂದ ಕೇಳಿಸಿದ್ದನ್ನು ಹೇಳಿದ್ದು ಅಷ್ಟೇ. ನನ್ನವರು ಗೊರಕೆಗೆಂದು ರಾತ್ರಿ ಹಲ್ಲಿಗೆ ಹಾಕಿಕೊಳ್ಳುವ ಕ್ಲಿಪ್ಪಿನ ಪುಟ್ಟ ಸ್ಕ್ರೂವನ್ನು ಡಾಕ್ಟರಮ್ಮ ತಿರುಗಿಸಿ, ಕೆಳದವಡೆ ಇನ್ನೊಂದು ಕೂದಲೆಳೆಯಷ್ಟು ಮುಂದೆ ಬರುವಂತೆ ಮಾಡಿದರು. ಅದು ಮುಂದೆ ಬಂದಷ್ಟೂ ಗಂಟಲಲ್ಲಿ ಉಸಿರಿಗೆ ದಾರಿ ಬಿಡುತ್ತದಂತೆ.

ನನ್ನವರು ಬಸ್ ಡ್ರೈವರ್. ನಿದ್ದೆಯಲ್ಲಿ ಉಸಿರು ಕಟ್ಟಿ, ಹಗಲು ಸ್ಟೀರಿಂಗ್ ಹಿಡಿದು ತೂಕಡಿಸತೊಡಗಿದಾಗ ಈ ಕ್ಲಿಪ್ಪು ಬಂತು. ಅದಕ್ಕೂ ಮೊದಲೇ, “ನನ್ನಿಂದ ನಿನ್ನ ನಿದ್ದೆ ಯಾಕೆ ಹಾಳಾಗ್ಬೇಕು,” ಎಂದು ಆಚೆ ಕೋಣೆ ಸೇರಿಬಿಟ್ಟಿದ್ದರು. ಹೋಗಬೇಡಿ ಎನ್ನಲು ನನಗೂ ಬಿಗುಮಾನ. ಬೆಟ್ಟದಂಥ ಆಳು ಎದ್ದುಹೋದ ಮೇಲೆ ಹಾಸಿಗೆ ಎಷ್ಟು ದೊಡ್ಡದಾಗಿಬಿಟ್ಟಿತು! ಅವರ ಬೆನ್ನಿನ ಬಿಸಿಗಾಗಿ ನನ್ನ ಕೈ ಈಗಲೂ ತಡಕಾಡುತ್ತದೆ.

ಬೆಳಿಗ್ಗೆ ಕ್ಲಿಪ್ಪು ತೆಗೆದ ಮೇಲೆ, ದವಡೆ ತನ್ನ ಜಾಗಕ್ಕೆ ಮರಳಲು, ಸ್ವಲ್ಪ ಹೊತ್ತು ಇನ್ನೊಂದು ಪುಟ್ಟ ಅಚ್ಚನ್ನು ಕಚ್ಚಿ ಕೂರಬೇಕು. ಆಗ ಮಾತಾಡುವಂತಿಲ್ಲ. ಏನು ಹೇಳಿದರೂ ತಮಾಷೆ ಮಾಡಿ ನನ್ನ ಬಾಯಿ ಮುಚ್ಚಿಸುವ ಗಂಡಸು ಅಷ್ಟು ಹೊತ್ತು ಗಪ್‌ಚುಪ್.

ಮರುದಿನ ಅವರು ಹಾಗೆ ಕೂತಿದ್ದಾಗ ಎದುರಿಗೆ ಹೋಗಿ ನಿಂತೆ.

“ನಿನ್ನೆ ಡಾಕ್ಟರ್ ಮುಂದೆ ಪಕ್ಕದಲ್ಲೇ ಮಲಗೋಳ ಥರ ನಾಟಕ ಆಡ್ದೆ. ಸಾಕಾಗಿದೆ ರೀ. ನೀವಿಲ್ದೆ ನಂಗೆ ನಿದ್ದೆ ಬರಲ್ಲ. ಗೊರಕೆ ಇದ್ದಾಗ್ಲೂ ಬರ್ತಿರ್ಲಿಲ್ಲ, ಆದ್ರೆ ಆಗ ನೀವಿದ್ರಿ.”

ಅವರ ಹುಬ್ಬು ಮೇಲೇರಿತು. ಕಣ್ಣಲ್ಲಿ ತುಂಟತನ ಇಣುಕಿತು, ಅಷ್ಟರಲ್ಲೇ ಕಣ್ಣು ಒದ್ದೆಯಾಯಿತು. ಬಾಯಿಗೆ ಕೈ ಹಾಕಿದರು.

“ತೆಗೀಬೇಡಿ! ಇನ್ನೂ ಟೈಮ್ ಆಗಿಲ್ಲ,” ಎಂದು ಗದರಿದೆ.

ತೆಗೆದೇಬಿಟ್ಟರು. “ನೀನು ನೆಮ್ಮದಿಯಾಗಿ ಮಲಗ್ತಿದೀಯ ಅನ್ಕೊಂಡು ಮನಸ್ಸು ಗಟ್ಟಿ ಮಾಡ್ಕೊಂಡು ಆಚೆ ಇದ್ದೆ ಕಣೇ.” ತಡೆದು, ಮೆಲ್ಲಗೆ ಕೇಳಿದರು, “ಮತ್ತೆ ಗೊರಕೆ ಬಂದ್ರೆ?”

“ಬರ್ಲಿ. ತಿವಿದು ಎಬ್ಬಿಸ್ತೀನಿ. ಅದಕ್ಕಾದ್ರೂ ನೀವು ಪಕ್ಕದಲ್ಲಿರ್ಬೇಕಲ್ಲ!”

ಡ್ಯೂಟಿಗೆ ಹೊತ್ತಾಗಿತ್ತು. ಅವರು ನನ್ನ ಕೈ ಬಿಡಲಿಲ್ಲ.